ಹೊಣೆಯಿಂದ ಹಣದವರೆಗೆ: ಜಾಮೀನು ಪದ್ಧತಿಯ ಇತಿಹಾಸ

ಒಬ್ಬ ಮನುಷ್ಯನ ಮೇಲೆ ಆರೋಪ ಬಂದ ದಿನಕ್ಕೂ, ಆ ಆರೋಪ ನಿಜವೋ ಸುಳ್ಳೋ ಎಂದು ನ್ಯಾಯಾಲಯ ತೀರ್ಮಾನಿಸುವ ದಿನಕ್ಕೂ ನಡುವೆ ಒಂದು ಕಾಲಾವಧಿ ಇದ್ದೇ ಇರುತ್ತದೆ. ಆ ಅವಧಿಯಲ್ಲಿ ಅವನು ಅಪರಾಧಿಯೂ ಅಲ್ಲ, ಸಂಪೂರ್ಣ ಸ್ವತಂತ್ರನೂ ಅಲ್ಲ. ಅವನನ್ನು ಸೆರೆಯಲ್ಲಿಟ್ಟರೆ, ನಿರ್ದೋಷಿಯಾಗಿದ್ದ ಪಕ್ಷದಲ್ಲಿ, ಮಾಡದ ತಪ್ಪಿಗೆ ಶಿಕ್ಷೆ ಕೊಟ್ಟಂತಾಗುತ್ತದೆ. ಸುಮ್ಮನೆ ಬಿಟ್ಟರೆ ತಲೆಮರೆಸಿಕೊಂಡಾನು, ಸಾಕ್ಷಿಗಳನ್ನು ಬೆದರಿಸಿಯಾನು ಎಂಬ ಭಯವಿರುತ್ತದೆ. ಈ ಇಕ್ಕಟ್ಟಿಗೆ ಮಾನವ ಸಮಾಜ ಬಹು ಹಿಂದೆಯೇ ಕಂಡುಕೊಂಡ ಪರಿಹಾರವೇ ಜಾಮೀನು. ನಂಬಿಕೆಯಿಂದ ಹುಟ್ಟಿದ ಈ ಪದ್ಧತಿ ಕಾಲಕ್ರಮದಲ್ಲಿ ಹಣದ ಕೈಗೆ ಸಿಕ್ಕಿದ್ದು ಹೇಗೆ, ಮತ್ತೆ ಅದನ್ನು ನಂಬಿಕೆಯ ಕಡೆಗೆ ತಿರುಗಿಸಲು ನಡೆದ ಪ್ರಯತ್ನಗಳಾವುವು ಎಂಬುದನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾವು ಇಂದು ಬಳಸುವ ‘ಜಾಮೀನು’ ಎಂಬ ಮಾತು ಅರಬ್ಬಿ ಮೂಲದ್ದು. ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದಿತು. ‘ಮುಚ್ಚಳಿಕೆ’ಯೂ ಪಾರಸಿಯ ಮಾರ್ಗವಾಗಿಯೇ ಬಂದ ಶಬ್ದ. ಆದರೆ ವಿಷಯ ನಮಗೆ ಹೊಸದಲ್ಲ. ಕನ್ನಡಕ್ಕೆ ತನ್ನದೇ ಆದ ‘ಹೊಣೆ’ ಎಂಬ ಮಾತಿದೆ. ‘ಅವನಿಗೆ ನಾನು ಹೊಣೆ’ ಎಂದಾಗ ಒಬ್ಬ ಮನುಷ್ಯನು ಇನ್ನೊಬ್ಬನ ನಡತೆಗೆ ತನ್ನನ್ನೇ ಒತ್ತೆಯಿಟ್ಟಂತಾಗುತ್ತದೆ. ಸಂಸ್ಕೃತದ ಧರ್ಮಶಾಸ್ತ್ರಕಾರರು ಇಂಥವನನ್ನು ‘ಪ್ರತಿಭೂ’ ಎಂದು ಕರೆದರು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯು ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಕರೆದಾಗ ಈ ಮನುಷ್ಯನನ್ನು ತಂದು ತೋರಿಸುತ್ತೇನೆ ಎಂಬುದು ದರ್ಶನದ ಹೊಣೆ; ಇವನು ನಂಬಿಕೆಗೆ ಅರ್ಹನು ಎಂಬುದು ಪ್ರತ್ಯಯದ ಹೊಣೆ; ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬುದು ದಾನದ ಹೊಣೆ. ಮೊದಲಿನ ಎರಡು ಹೊಣೆಗಳು ಹೊತ್ತವನೊಂದಿಗೇ ಮುಗಿಯುತ್ತವೆ. ಮೂರನೆಯದು ಮಾತ್ರ ಅವನ ಮಕ್ಕಳಿಗೂ ತಗಲುತ್ತದೆ. ಈ ವಿಂಗಡಣೆ ಮುಖ್ಯವಾಗಿ ಸಾಲದ ವ್ಯವಹಾರಕ್ಕೆ ಸಂಬಂಧಿಸಿದ್ದಾದರೂ ಅದರ ಹಿಂದಿನ ವಿವೇಕ ಗಮನಾರ್ಹ. ಮನುಷ್ಯನನ್ನು ಹಾಜರುಪಡಿಸುವುದು ಬೇರೆ, ಅವನ ಗುಣಕ್ಕೆ ಸಾಕ್ಷಿಯಾಗುವುದು ಬೇರೆ, ಹಣ ತೆರುವುದು ಬೇರೆ ಎಂಬುದನ್ನು ಆ ಕಾಲದವರು ಸ್ಪಷ್ಟವಾಗಿ ಅರಿತಿದ್ದರು. ನಂತರದ ಇತಿಹಾಸದಲ್ಲಿ ಈ ಮೂರೂ ಒಂದರಲ್ಲೊಂದು ಬೆರೆತು ಹೋದುದೇ ಅನೇಕ ಅನ್ಯಾಯಗಳಿಗೆ ಕಾರಣವಾಯಿತು.

ಹಾಗೆಂದು ಪ್ರಾಚೀನ ಪದ್ಧತಿಯು ನಿರ್ದೋಷವಾಗಿತ್ತೆಂದು ಭಾವಿಸಬೇಕಾಗಿಲ್ಲ. ವ್ಯಾಜ್ಯದ ಉಭಯ ಪಕ್ಷದವರೂ ತೀರ್ಪನ್ನು ನೆರವೇರಿಸಲು ಸಮರ್ಥನಾದ ಹೊಣೆಗಾರನನ್ನು ಒದಗಿಸಬೇಕೆಂದು ಸ್ಮೃತಿ ಹೇಳುತ್ತದೆ. ಹೊಣೆಗಾರನು ಸಿಗದವನ ಗತಿಯೇನು? ಅಂಥವನನ್ನು ಕಾವಲಿನಲ್ಲಿಡಬೇಕು, ದಿನದ ಕೊನೆಗೆ ಆ ಕಾವಲುಗಾರನ ಕೂಲಿಯನ್ನು ಅವನೇ ತೆರಬೇಕು ಎಂಬುದು ಕಾತ್ಯಾಯನನ ವಿಧಿ. ಮಿತಾಕ್ಷರೆಯೂ ಇದನ್ನು ಉದ್ಧರಿಸುತ್ತದೆ. ಜನಬಲವಿಲ್ಲದವನು ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದಲ್ಲದೆ ಆ ನಷ್ಟದ ವೆಚ್ಚವನ್ನೂ ತಾನೇ ಭರಿಸಬೇಕಾಗಿತ್ತು. ಈ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಬೆನ್ನು ಬಿಡದೆ ಬಂದಿದೆ.

ನಮ್ಮ ಇಂದಿನ ಕಾನೂನಿನ ನೇರ ಮೂಲ ಇಂಗ್ಲೆಂಡಿನದು. ಮಧ್ಯಯುಗದಲ್ಲಿ ಅಲ್ಲಿ ರಾಜನ ನ್ಯಾಯಾಧೀಶರು ಸಂಚಾರ ಮಾಡುತ್ತ ವಿಚಾರಣೆ ನಡೆಸುತ್ತಿದ್ದರು. ಅವರು ಬರುವವರೆಗೆ ಆರೋಪಿಯನ್ನು ಕಾಯುವುದು ವೆಚ್ಚದ ಕೆಲಸ. ಸೆರೆಮನೆಗಳೋ ರೋಗದ ತವರು. ಆದ್ದರಿಂದ ಷೆರೀಫನೆಂಬ ಅಧಿಕಾರಿಯು ಆರೋಪಿಯನ್ನು ಅವನ ಬಂಧುಮಿತ್ರರ ವಶಕ್ಕೆ ಕೊಡುತ್ತಿದ್ದನು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬುದು ಅವನ ಇಚ್ಛೆಗೆ ಸೇರಿದ್ದರಿಂದ ಲಂಚಕ್ಕೆ ದಾರಿಯಾಯಿತು. ಇದನ್ನು ತಡೆಯಲು 1275ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಯಾವ ಅಪರಾಧಗಳಿಗೆ ಜಾಮೀನು ಉಂಟು, ಯಾವುದಕ್ಕೆ ಇಲ್ಲ ಎಂದು ಪಟ್ಟಿಮಾಡಿತು. ಇಂದು ನಾವು ಹೇಳುವ ‘ಜಾಮೀನೀಯ’ ಮತ್ತು ‘ಜಾಮೀನುರಹಿತ’ ಅಪರಾಧಗಳೆಂಬ ಭೇದದ ಬೇರು ಇಲ್ಲಿದೆ. ಅಧಿಕಾರದಲ್ಲಿದ್ದವರು ಆಗ ಮತ್ತೊಂದು ಉಪಾಯ ಹೂಡಿದರು. ಜಾಮೀನು ನಿರಾಕರಿಸದೆ, ಯಾರೂ ಒದಗಿಸಲಾಗದಷ್ಟು ದೊಡ್ಡ ಮೊತ್ತವನ್ನು ಕೇಳತೊಡಗಿದರು. 1689ರ ಹಕ್ಕುಗಳ ಮಸೂದೆಯು ಮಿತಿಮೀರಿದ ಜಾಮೀನನ್ನು ಕೇಳಕೂಡದೆಂದು ವಿಧಿಸಿದ್ದು ಈ ಕಾರಣದಿಂದ. ಇದೇ ಮಾತು 1791ರಲ್ಲಿ ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿಯಲ್ಲಿ ಸೇರಿತು.

ವಿಪರ್ಯಾಸವೆಂದರೆ, ಹೊಣೆಯು ಸಂಪೂರ್ಣವಾಗಿ ವ್ಯಾಪಾರವಾದದ್ದು ಅಮೆರಿಕದಲ್ಲಿಯೇ. ವಲಸೆಗಾರರ ಆ ವಿಶಾಲ ದೇಶದಲ್ಲಿ ಆರೋಪಿಯನ್ನು ಬಲ್ಲ ನೆರೆಹೊರೆಯವರು ದೊರೆಯುವುದು ಕಷ್ಟವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಶುಲ್ಕಕ್ಕಾಗಿ ಜಾಮೀನು ನಿಲ್ಲುವ ವೃತ್ತಿಗಾರರು ಹುಟ್ಟಿಕೊಂಡರು. ಆರೋಪಿಯು ಜಾಮೀನು ಮೊತ್ತದ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲನ್ನು ಇವರಿಗೆ ಕೊಡಬೇಕು. ಅವನು ತಪ್ಪದೆ ಹಾಜರಾದರೂ, ನಿರ್ದೋಷಿಯೆಂದು ಬಿಡುಗಡೆಯಾದರೂ ಆ ಹಣ ಮರಳಿ ಬಾರದು. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಬಡ ಆರೋಪಿಗಳಿಗೆ ವಾಸ, ಉದ್ಯೋಗ, ಕುಟುಂಬಗಳ ಬಗ್ಗೆ ಪ್ರಶ್ನೆ ಕೇಳಿ, ಊರಿನಲ್ಲಿ ಬೇರುಳ್ಳವರನ್ನು ಹಣವಿಲ್ಲದೆ ಬರಿಯ ಮಾತಿನ ಮೇಲೆ ಬಿಡುವಂತೆ ನ್ಯಾಯಾಲಯಕ್ಕೆ ಶಿಫಾರಸು ಮಾಡಲಾಯಿತು. ಹಾಗೆ ಬಿಡುಗಡೆಯಾದವರು ಹಣ ಕಟ್ಟಿದವರಿಗಿಂತ ಕಡಿಮೆಯಿಲ್ಲದಂತೆ ನ್ಯಾಯಾಲಯಕ್ಕೆ ಮರಳಿ ಬಂದರು. ಇದರ ಪ್ರಭಾವದಿಂದ 1966ರಲ್ಲಿ ಆ ದೇಶದ ಜಾಮೀನು ಸುಧಾರಣಾ ಕಾಯಿದೆ ಬಂದಿತು. 2023ರ ಸೆಪ್ಟೆಂಬರಿನಲ್ಲಿ ಇಲಿನಾಯ್ ರಾಜ್ಯವು ಹಣದ ಜಾಮೀನನ್ನೇ ಸಂಪೂರ್ಣವಾಗಿ ರದ್ದುಪಡಿಸಿತು.

ಭಾರತದಲ್ಲಿ ಬ್ರಿಟಿಷರು 1861ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯನ್ನು ಜಾರಿಗೆ ತಂದರು. ಅದು 1882ರಲ್ಲಿಯೂ 1898ರಲ್ಲಿಯೂ ಪರಿಷ್ಕೃತವಾಯಿತು. 1917ರ ಏಪ್ರಿಲ್‌ನಲ್ಲಿ ಚಂಪಾರಣ್ಯದ ರೈತರ ಕಷ್ಟಗಳನ್ನು ವಿಚಾರಿಸಲು ಹೋದ ಗಾಂಧೀಜಿ ಜಿಲ್ಲೆ ಬಿಟ್ಟು ಹೋಗಬೇಕೆಂಬ ಆಜ್ಞೆಯನ್ನು ಉಲ್ಲಂಘಿಸಿ ಮೋತಿಹಾರಿಯ ನ್ಯಾಯಾಲಯದಲ್ಲಿ ನಿಂತರು. ಜಾಮೀನು ಕೊಡಬೇಕೆಂದು ಕೇಳಿದಾಗ ಅವರು ನಿರಾಕರಿಸಿದರು. ಮ್ಯಾಜಿಸ್ಟ್ರೇಟನು ಜಾಮೀನಿಲ್ಲದೆಯೇ ಅವರನ್ನು ಬಿಟ್ಟನು. ಓಡಿಹೋಗುವವನಲ್ಲ ಎಂಬುದು ಎದುರಿಗೆ ಕಂಡಾಗ ಕಾಗದದ ಹೊಣೆ ಅನಾವಶ್ಯಕವೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಹೆಸರಿಲ್ಲದ ಬಡವನ ಮುಖದಲ್ಲಿ ಅಷ್ಟನ್ನು ಓದುವ ತಾಳ್ಮೆ ಎಷ್ಟು ನ್ಯಾಯಾಲಯಗಳಿಗಿದ್ದೀತು?

ಸ್ವತಂತ್ರ ಭಾರತದಲ್ಲಿ 1973ರ ಸಂಹಿತೆಯು ಹಳೆಯದರ ಸ್ಥಾನದಲ್ಲಿ ಬಂದಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕ್ರಮವನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು. ದಸ್ತಗಿರಿಯಾದವನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ಅನುಚ್ಛೇದದ ಆಜ್ಞೆ. ಅಪರಾಧವು ಜಾಮೀನೀಯವಾಗಿದ್ದರೆ ಬಿಡುಗಡೆಯು ಆರೋಪಿಯ ಹಕ್ಕು. ಪೊಲೀಸ್ ಠಾಣೆಯಲ್ಲಿಯೇ ಅದು ದೊರೆಯಬೇಕು. ಜಾಮೀನುರಹಿತವಾಗಿದ್ದರೆ ನ್ಯಾಯಾಲಯವು ಅಪರಾಧದ ಗುರುತ್ವವನ್ನೂ ಆರೋಪಿಯ ಪರಿಸ್ಥಿತಿಯನ್ನೂ ತೂಗಿ ತೀರ್ಮಾನಿಸುತ್ತದೆ. ಆದೇಶವಾದ ಮೇಲೆ ಆರೋಪಿಯು, ಕರೆದಾಗಲೆಲ್ಲ ಹಾಜರಾಗುತ್ತೇನೆ, ತಪ್ಪಿದರೆ ಇಷ್ಟು ಹಣ ತೆರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡುತ್ತಾನೆ. ಜಾಮೀನುದಾರನನ್ನು ಕೇಳಿದ್ದರೆ ಅವನೂ ಅದೇ ಮಾತಿಗೆ ಸಹಿ ಹಾಕುತ್ತಾನೆ; ತನ್ನ ಆಸ್ತಿ ಆದಾಯಗಳಿಗೆ ಪುರಾವೆಯಾಗಿ ಪಹಣಿಯನ್ನೋ ಕಂದಾಯದ ರಸೀದಿಯನ್ನೋ ತೋರಿಸುತ್ತಾನೆ. ಆ ಬಳಿಕವಷ್ಟೇ ಸೆರೆಮನೆಗೆ ಬಿಡುಗಡೆಯ ಆಜ್ಞೆ ಹೋಗುತ್ತದೆ.

ಇಲ್ಲಿ ಜನಸಾಮಾನ್ಯರಲ್ಲಿರುವ ಒಂದು ತಪ್ಪು ಗ್ರಹಿಕೆಯನ್ನು ಹೇಳಬೇಕು. ಹತ್ತು ಸಾವಿರ ರೂಪಾಯಿಗಳ ಜಾಮೀನು ಎಂದರೆ ಹತ್ತು ಸಾವಿರವನ್ನು ಕಟ್ಟಿದರೆ ಮಾತ್ರ ಬಿಡುಗಡೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅದು ದಂಡವೂ ಅಲ್ಲ, ಶುಲ್ಕವೂ ಅಲ್ಲ. ಮಾತು ತಪ್ಪಿದರೆ ತೆರಬೇಕಾದ ಮೊತ್ತ. ಜಾಮೀನುದಾರನ ಬದಲಿಗೆ ಹಣವನ್ನು ಠೇವಣಿಯಿಡಲು ನ್ಯಾಯಾಲಯವು ಅನುಮತಿ ಕೊಡಬಹುದು. ಆಗಲೂ ಅದು ಠೇವಣಿಯೇ. ಅಮೆರಿಕದ ಮಾದರಿಯ ಜಾಮೀನು ವ್ಯಾಪಾರಕ್ಕೆ ನಮ್ಮ ಕಾನೂನಿನ ಮನ್ನಣೆಯಿಲ್ಲ. ನಿನಗಾಗುವ ನಷ್ಟವನ್ನು ನಾನು ತುಂಬಿಕೊಡುತ್ತೇನೆ ಎಂದು ಆರೋಪಿಯು ಜಾಮೀನುದಾರನೊಡನೆ ಮಾಡಿಕೊಂಡ ಒಪ್ಪಂದವೂ ಊರ್ಜಿತವಲ್ಲ. ಏಕೆಂದರೆ, ಕಳೆದುಕೊಳ್ಳುವ ಭಯವೇ ಇಲ್ಲದವನು ಕಾವಲಿರುವುದಿಲ್ಲ. ಹೊಣೆಯೆಂದರೆ ನಿಜವಾದ ಹೊಣೆಯೇ ಆಗಿರಬೇಕೆಂಬುದು ಕಾನೂನಿನ ಆಶಯ.

ಆಶಯಕ್ಕೂ ಆಚರಣೆಗೂ ಇರುವ ಅಂತರವನ್ನು 1978ರ ಮೋತಿರಾಮ್ ಪ್ರಕರಣವು ಬಯಲು ಮಾಡಿತು. ಮಧ್ಯಪ್ರದೇಶದ ಗಾರೆ ಕೆಲಸದ ಬಡವನೊಬ್ಬನಿಗೆ ಸರ್ವೋಚ್ಚ ನ್ಯಾಯಾಲಯವೇ ಜಾಮೀನು ಮಂಜೂರು ಮಾಡಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಗಳ ಜಾಮೀನುದಾರನನ್ನು ಕೇಳಿದರು. ಅವನ ಸೋದರನು ಮುಂದೆ ಬಂದಾಗ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದರು. ದೇಶದ ಅತ್ಯುನ್ನತ ನ್ಯಾಯಾಲಯದ ಆದೇಶ ಕೈಯಲ್ಲಿದ್ದೂ ಆ ಮನುಷ್ಯ ಸೆರೆಯಲ್ಲಿಯೇ ಉಳಿದನು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸಾವಿರ ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡುವಂತೆ ಆಜ್ಞಾಪಿಸಿದರು. ಜಾಮೀನು ಎಂಬ ಮಾತಿನಲ್ಲಿ ಜಾಮೀನುದಾರನಿಲ್ಲದ ಬಿಡುಗಡೆಯೂ ಸೇರುತ್ತದೆಂದೂ, ಒಂದೇ ದೇಶದ ಪ್ರಜೆಗಳಲ್ಲಿ ಜಿಲ್ಲೆಯ ಗಡಿಯನ್ನು ಮುಂದಿಟ್ಟು ಭೇದವೆಣಿಸಲಾಗದೆಂದೂ ಆ ತೀರ್ಪು ಸಾರಿತು.

ಮರುವರ್ಷವೇ ಇದಕ್ಕಿಂತ ದೊಡ್ಡ ಸತ್ಯವೊಂದು ಹೊರಬಿದ್ದಿತು. ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ. ಎಫ್. ರುಸ್ತುಂಜಿಯವರು ಬಿಹಾರದ ಸೆರೆಮನೆಗಳಲ್ಲಿ ಕಂಡದ್ದನ್ನು 1979ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಪ್ರಕಟಿಸಿತು. ವಕೀಲೆ ಕಪಿಲಾ ಹಿಂಗೋರಾನಿಯವರು ಅದನ್ನಾಧರಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಅಪರಾಧ ಸಾಬೀತಾಗಿದ್ದರೆ ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಸೆರೆಯಲ್ಲಿದ್ದವರು ಅಲ್ಲಿದ್ದರು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಹಣದ ಮೇಲೆ ನಿಂತ ಜಾಮೀನು ಪದ್ಧತಿಯನ್ನು ಕಟುವಾಗಿ ವಿಮರ್ಶಿಸಿ, ಆರೋಪಿಯು ಎಷ್ಟು ಕಾಲದಿಂದ ಊರಿನಲ್ಲಿದ್ದಾನೆ, ಅವನ ಉದ್ಯೋಗವೇನು, ಕುಟುಂಬವೆಲ್ಲಿದೆ, ಅವನ ಪರವಾಗಿ ಮಾತು ಕೊಡುವ ಗೌರವಸ್ಥರು ಯಾರು ಎಂಬುದನ್ನು ನೋಡಿ, ಬೇರುಳ್ಳವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂದು ಹೇಳಿದರು. ಮ್ಯಾನ್‌ಹಟನ್ನಿನ ಪ್ರಯೋಗದ ಪಾಠ ಇಲ್ಲಿಗೆ ಬಂದು ಮುಟ್ಟಿತ್ತು. ನೋಡಿದರೆ ಅದು ಯಾಜ್ಞವಲ್ಕ್ಯನ ‘ಪ್ರತ್ಯಯ’ದಿಂದ ದೂರದ್ದೂ ಅಲ್ಲ.

ಶಾಸನವೂ ನಿಧಾನವಾಗಿ ಈ ದಾರಿ ಹಿಡಿಯಿತು. ಜಾಮೀನೀಯ ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನುದಾರನನ್ನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 2005ರ ತಿದ್ದುಪಡಿ ವಿಧಿಸಿತು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಸೆರೆಯಲ್ಲಿದ್ದ ವಿಚಾರಣಾಧೀನ ಕೈದಿಯ ಬಿಡುಗಡೆಗೂ ಅದೇ ತಿದ್ದುಪಡಿ ಅವಕಾಶ ಕಲ್ಪಿಸಿತು. ಹಿಂದೆಂದೂ ಶಿಕ್ಷೆಯಾಗದವನ ವಿಷಯದಲ್ಲಿ ಹೊಸ ಸಂಹಿತೆಯು ಇದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರಿಗೂ ಈ ಸೌಲಭ್ಯವಿಲ್ಲ. 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯವು, ಜಾಮೀನು ದೊರೆತೂ ಏಳು ದಿನಗಳಲ್ಲಿ ಬಿಡುಗಡೆಯಾಗದವನ ವಿಷಯವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ, ಒಂದು ತಿಂಗಳಾದರೂ ಜಾಮೀನು ಒದಗಿಸಲಾಗದಿದ್ದರೆ ಷರತ್ತುಗಳನ್ನು ಸಡಿಲಿಸಬಹುದೇ ಎಂದು ನ್ಯಾಯಾಲಯವೇ ಪರಿಶೀಲಿಸಬಹುದೆಂದೂ ನಿರ್ದೇಶಿಸಿತು.

ಇಷ್ಟಾದರೂ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನರು, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರೇ ಆಗಿದ್ದರು. ಇವರೆಲ್ಲರೂ ಜಾಮೀನುದಾರನಿಲ್ಲದೆ ಉಳಿದವರಲ್ಲ. ಘೋರ ಅಪರಾಧಗಳ ಆರೋಪ ಹೊತ್ತವರೂ ಅವರಲ್ಲಿದ್ದಾರೆ. ಆದರೆ ಆದೇಶ ಕೈಯಲ್ಲಿದ್ದೂ ಹೊರಬರಲಾಗದವರೂ ಇದ್ದಾರೆಂಬುದನ್ನು ಆ 2023ರ ನಿರ್ದೇಶನಗಳೇ ಸಾರುತ್ತವೆ. ಸೆರೆಯಲ್ಲಿ ಕಳೆದ ದಿನಗಳನ್ನು, ಕೆಲಸ ಕಳೆದುಕೊಂಡ ತಂದೆಯ ಮನೆಯಲ್ಲಿ ಶಾಲೆ ಬಿಟ್ಟ ಮಕ್ಕಳ ವರ್ಷಗಳನ್ನು ಯಾವ ಖುಲಾಸೆಯ ತೀರ್ಪೂ ಹಿಂದಿರುಗಿಸಲಾರದು.

ಕಾನೂನು ಮಾಡಬಹುದಾದದ್ದಕ್ಕೆ ಒಂದು ಮಿತಿಯಿದೆ. ಜಾಮೀನುದಾರನನ್ನು ಕೇಳಿದಾಗ ಒಬ್ಬ ಮನುಷ್ಯನು ಮುಂದೆ ಬಂದು ನಿಲ್ಲಬೇಕಾಗುತ್ತದೆ. ಅನೇಕರು ಹಿಂಜರಿಯುವುದು ಅಜ್ಞಾನದಿಂದ. ಆರೋಪಿಯ ಅಪರಾಧಕ್ಕೆ ಜಾಮೀನುದಾರನು ಹೊಣೆಯಲ್ಲ. ಅವನ ಹಾಜರಿಗೆ ಮಾತ್ರ ಹೊಣೆ. ಆರೋಪಿ ತಪ್ಪಿಸಿಕೊಂಡರೂ, ಮೊತ್ತವನ್ನು ಏಕೆ ವಸೂಲು ಮಾಡಬಾರದೆಂದು ನ್ಯಾಯಾಲಯವು ಮೊದಲು ಕಾರಣ ಕೇಳಬೇಕು. ಉಚಿತವೆಂದು ತೋರಿದರೆ ಒಂದು ಭಾಗವನ್ನು ಮನ್ನಿಸಲೂಬಹುದು. ಹೊಣೆ ಭಾರವೆನಿಸಿದರೆ ಅದರಿಂದ ಬಿಡುಗಡೆ ಬೇಡಿ ಯಾವಾಗ ಬೇಕಾದರೂ ಅರ್ಜಿ ಕೊಡಬಹುದು. ಅಪರಿಚಿತನಿಗೆ ಕಣ್ಣುಮುಚ್ಚಿ ಸಹಿ ಹಾಕುವುದು ವಿವೇಕವಲ್ಲ ನಿಜ. ಆದರೆ ಹತ್ತು ವರ್ಷ ನಮ್ಮ ಹೊಲದಲ್ಲಿ ದುಡಿದವನು, ನಮ್ಮ ಅಂಗಡಿಯ ಮೂಟೆ ಹೊತ್ತವನು, ನಮ್ಮ ಮನೆಯ ಗೋಡೆ ಕಟ್ಟಿದವನು ಅಪರಿಚಿತನೇ? ಅವನ ಸ್ವಭಾವವನ್ನು ಬಲ್ಲ ನಾವು ಮೌನವಾಗಿದ್ದರೆ, ಅವನನ್ನು ಅರಿಯದ ನ್ಯಾಯಾಲಯವು ಹಣವನ್ನಲ್ಲದೆ ಬೇರೇನನ್ನು ಕೇಳೀತು? ಹಣದ ಜಾಮೀನು ಬೆಳೆದದ್ದು ಮನುಷ್ಯರು ಹೊಣೆಯಿಂದ ಹಿಂದೆ ಸರಿದ ಜಾಗದಲ್ಲಿ. ಅದು ಹಿಮ್ಮೆಟ್ಟಬೇಕಾದರೆ ಆ ಜಾಗಕ್ಕೆ ಮನುಷ್ಯರೇ ಮರಳಿ ಬರಬೇಕು.