ಉಪವಾಸದಲ್ಲಿ ಕರಗುವುದು ಕೊಬ್ಬು ಮಾತ್ರವಲ್ಲ

ಹತ್ತು ದಿನ ಬರೀ ಹಣ್ಣು-ತರಕಾರಿ ರಸದ ಮೇಲಿದ್ದು ಮನೆಗೆ ಬಂದ ನಮ್ಮ ಚಿಕ್ಕಮ್ಮನ ತೂಕ ಐದು ಕಿಲೋ ಇಳಿದಿತ್ತು. ರವಿಕೆ ಸಡಿಲವಾಗಿತ್ತು, ಮುಖ ಸಣ್ಣಗಾಗಿತ್ತು. ನೋಡಿದವರೆಲ್ಲ ಮೆಚ್ಚಿದರು. ಸಂಜೆ ದೇವರ ಮುಂದೆ ದೀಪ ಹಚ್ಚಿ ಏಳುವಾಗ ಅವರು ಬಾಗಿಲವಾಡ ಹಿಡಿದುಕೊಂಡರು. ಉಪವಾಸಕ್ಕೆ ಹೋಗುವ ಮುಂಚೆ ಹಾಗೆ ಹಿಡಿಯುತ್ತಿರಲಿಲ್ಲ. ಹೋದ ಐದು ಕಿಲೋದಲ್ಲಿ ನೀರೆಷ್ಟು, ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂಬುದನ್ನು ತೂಕದ ಯಂತ್ರ ಹೇಳುವುದಿಲ್ಲ. ಮೈಯ ವಿಷ ಹೊರಹಾಕುತ್ತದೆ ಎನ್ನುವ ಇಂಥ ಡಿಟಾಕ್ಸ್ ಉಪವಾಸದ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಊಟ ಬಿಟ್ಟ ಮೇಲೆ ಮೈಯಲ್ಲಿ ನಡೆಯುವುದೇನು?

ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಸಕ್ಕರೆ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಉಪವಾಸದ ಮೊದಲ ಎರಡು ಮೂರು ದಿನಗಳಲ್ಲಿ ಸರ್ರನೆ ಇಳಿಯುವ ತೂಕದಲ್ಲಿ ಹೆಚ್ಚಿನ ಪಾಲು ಈ ನೀರು ಮತ್ತು ಉಪ್ಪಿನದು. ಊಟ ಶುರುವಾದ ವಾರದೊಳಗೆ ಅದು ಮರಳಿ ಬರುತ್ತದೆ.

ಯಕೃತ್ತಿನ ದಾಸ್ತಾನು ಹೆಚ್ಚುಕಡಿಮೆ ಒಂದು ದಿನಕ್ಕೆ ಮುಗಿಯುತ್ತದೆ. ಮೆದುಳಿಗೋ ದಿನಕ್ಕೆ ನೂರು ಗ್ರಾಂಗಿಂತ ಹೆಚ್ಚು ಗ್ಲೂಕೋಸ್ ಬೇಕು. ಕೊಬ್ಬಿನಿಂದ ಗ್ಲೂಕೋಸ್ ಮಾಡಿಕೊಳ್ಳುವ ದಾರಿ ದೇಹಕ್ಕೆ ಅಲ್ಪಸ್ವಲ್ಪ ಮಾತ್ರ. ಹಾಗಾಗಿ ಅದು ಸ್ನಾಯುವಿನ ಪ್ರೋಟೀನನ್ನು ಒಡೆದು ಅದರ ಅಮೈನೋ ಆಮ್ಲಗಳಿಂದ ಗ್ಲೂಕೋಸ್ ತಯಾರಿಸುತ್ತದೆ. ಮೊದಲ ದಿನಗಳಲ್ಲಿ ಹೀಗೆ ಹೋಗುವ ಪ್ರೋಟೀನ್ ದಿನಕ್ಕೆ ಸುಮಾರು 75 ಗ್ರಾಂ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಮಾಂಸಖಂಡದ ಲೆಕ್ಕದಲ್ಲಿ ಅದು ಮುನ್ನೂರು ಗ್ರಾಂ ದಾಟುತ್ತದೆ.

ಇದು ಹೀಗೇ ಮುಂದುವರಿದರೆ ಯಾರೂ ಹೆಚ್ಚು ದಿನ ಬದುಕಲಾರರು. ದೇಹ ಹೇಗೆ ಬಚಾವಾಗುತ್ತದೆ ಎಂಬುದನ್ನು ಹಾರ್ವರ್ಡ್‌ನ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಕಂಡುಕೊಂಡರು. ಐದಾರು ವಾರ ಉಪವಾಸವಿದ್ದ ಸ್ಥೂಲಕಾಯದ ವ್ಯಕ್ತಿಗಳಲ್ಲಿ ಮೆದುಳು ಗ್ಲೂಕೋಸ್ ಬದಲು ಹೆಚ್ಚಾಗಿ ಕೊಬ್ಬಿನಿಂದ ಬಂದ ಕೀಟೋನ್‌ಗಳನ್ನು ಉರಿಸುತ್ತಿತ್ತು. ಆಗ ಪ್ರೋಟೀನ್ ನಷ್ಟ ದಿನಕ್ಕೆ ಇಪ್ಪತ್ತು ಗ್ರಾಂ ಆಸುಪಾಸಿಗೆ ಇಳಿದಿತ್ತು. ಆದರೆ ಈ ಉಳಿತಾಯ ಪೂರ್ತಿ ಕೈಗೂಡಲು ವಾರಗಳೇ ಬೇಕು. ಮೂರರಿಂದ ಹತ್ತು ದಿನದ ಡಿಟಾಕ್ಸ್ ಬೀಳುವುದು ಸರಿಯಾಗಿ ಸ್ನಾಯು ಹೆಚ್ಚು ಕರಗುವ ಹೊತ್ತಿಗೆ. ಇನ್ನೊಂದು ಮಾತು: ಕೊಬ್ಬಿನ ದಾಸ್ತಾನು ಕಡಿಮೆಯಿದ್ದಷ್ಟೂ ಕಳೆದುಕೊಳ್ಳುವ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚು. ತೆಳ್ಳಗಿರುವವರಿಗೆ ದೀರ್ಘ ಉಪವಾಸ ದುಬಾರಿ.

ಏಕಾದಶಿಯೊಂದರ ಉಪವಾಸಕ್ಕೆ ಇಷ್ಟೆಲ್ಲ ಹೆದರಬೇಕಾಗಿಲ್ಲ. ಆರೋಗ್ಯವಂತರಲ್ಲಿ ಒಂದು ದಿನದ ಖರ್ಚನ್ನು ಬಹುಪಾಲು ಗ್ಲೈಕೋಜೆನ್ ಮತ್ತು ಕೊಬ್ಬು ಭರಿಸುತ್ತವೆ. ಒಪ್ಪತ್ತು ಮಾಡುವವರಿಗಂತೂ ಒಂದು ಹೊತ್ತಿನ ಊಟ ಇದ್ದೇ ಇರುತ್ತದೆ.

ವಿಷ ಹೊರಹಾಕುವ ಕೆಲಸ

ಡಿಟಾಕ್ಸ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಯಕೃತ್ತು ಅಮೋನಿಯಾವನ್ನು ಯೂರಿಯಾ ಮಾಡುತ್ತದೆ, ಔಷಧ ಮತ್ತು ಮದ್ಯವನ್ನು ಒಡೆಯುತ್ತದೆ. ಈ ಕೆಲಸಕ್ಕೆ ಅದು ಬಳಸುವ ಗ್ಲುಟಾಥಯೋನ್ ತಯಾರಾಗುವುದು ಮೂರು ಅಮೈನೋ ಆಮ್ಲಗಳಿಂದ. ಅಂದರೆ ಶುದ್ಧೀಕರಣಕ್ಕೂ ಪ್ರೋಟೀನೇ ಬೇಕು. ಬರೀ ಹಣ್ಣಿನ ರಸದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಡಿಡಿಟಿಯಂಥ ಕೀಟನಾಶಕಗಳು ನಮ್ಮ ಕೊಬ್ಬಿನಲ್ಲಿ ಕೂತಿರುವುದು ನಿಜ. ಆದರೆ ಕೊಬ್ಬು ವೇಗವಾಗಿ ಕರಗಿದಾಗ ಅವು ಮೊದಲು ರಕ್ತಕ್ಕೆ ಬರುತ್ತವೆ. ನೇರವಾಗಿ ಹೊರಗೆ ಹೋಗಿಬಿಡುವುದಿಲ್ಲ.

ಜೀವಕೋಶಗಳು ತಮ್ಮ ಹಳೆಯ ಭಾಗಗಳನ್ನು ತಾವೇ ಅರಗಿಸಿಕೊಳ್ಳುವ ಆಟೋಫಜಿಯ ಸಂಶೋಧನೆಗೆ ಜಪಾನಿನ ಯೋಶಿನೋರಿ ಒಸುಮಿ 2016ರಲ್ಲಿ ನೊಬೆಲ್ ಪಡೆದರು. ಅವರು ಅದನ್ನು ಬಿಡಿಸಿದ್ದು ಯೀಸ್ಟ್‌ನಲ್ಲಿ. ಇಷ್ಟು ಗಂಟೆ ಹಸಿದರೆ ಮನುಷ್ಯನಲ್ಲಿ ಇಷ್ಟು ಶುದ್ಧಿ ಎಂದು ಗಂಟೆಯ ಪಟ್ಟಿ ಕೊಡುವವರ ಮಾತಿಗೆ ಅದು ಆಧಾರವಾಗುವುದಿಲ್ಲ.

ತೆಳ್ಳನೆಯ ಮೈ, ಒಳಗಿನ ಕೊಬ್ಬು

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಅಚ್ಚಾಯಿತು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಮೈಯ ಕೊಬ್ಬು ಅಳೆದಾಗ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮಲ್ಲಿ ಎಷ್ಟೋ ಜನರ ಕಥೆ ಇದೇ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಸ್ನಾಯು ಕಡಿಮೆ, ಕೊಬ್ಬು ಒಳಗೆ. ಭಾರತೀಯರಿಗೆ ಅಧಿಕ ತೂಕದ ಗೆರೆಯನ್ನು 25ರ ಬದಲು 23ರ ಬಿಎಂಐಗೆ ಎಳೆದಿರುವುದಕ್ಕೂ ಇದೇ ಕಾರಣ.

ಊಟದ ನಂತರ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ತುಂಬಿಸುವುದು ಸ್ನಾಯುವಿಗೆ. ಆ ಉಗ್ರಾಣವೇ ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಮಧುಮೇಹಕ್ಕೆ ಹೆದರಿ ಉಪವಾಸ ಮಾಡಿದವರು ಸ್ನಾಯು ಕಳೆದುಕೊಂಡರೆ, ತಮ್ಮನ್ನು ಕಾಯುವ ಅಂಗವನ್ನೇ ಕಳೆದುಕೊಂಡಂತೆ.

ಕೊಬ್ಬೂ ಬೇಕು

ಕೊಬ್ಬು ಬರೀ ಹೊರೆ ಅಲ್ಲ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದಲೇ ಹೊರಟು, ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತದೆ. ಗಂಡಸರಿಗೆ ಶೇ 3ರಿಂದ 5, ಹೆಂಗಸರಿಗೆ ಶೇ 10ರಿಂದ 13ರಷ್ಟು ಕೊಬ್ಬು ಬದುಕಲು ಬೇಕೇಬೇಕಾದ ಕನಿಷ್ಠ. ಆರೋಗ್ಯಕರ ಮಟ್ಟ ಅದಕ್ಕಿಂತ ಮೇಲೆ. ಪದೇ ಪದೇ ಉಪವಾಸ ಮಾಡುವ ಹುಡುಗಿಯರ ಮುಟ್ಟು ತಪ್ಪಿದರೆ ಅದನ್ನು ಹಗುರವಾಗಿ ಕಾಣಬಾರದು. ಶಕ್ತಿ ಸಾಲದೆ ಮೆದುಳು ಅಂಡಾಶಯದ ಕೆಲಸ ನಿಲ್ಲಿಸಿರಬಹುದು, ಹಾಗಾದರೆ ಮೂಳೆಯೂ ಸವೆಯತೊಡಗುತ್ತದೆ.

ಅಮೆರಿಕದ ಮಿನ್ನೆಸೋಟಾದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಮತ್ತೆ ಹೊಟ್ಟೆ ತುಂಬ ಉಣ್ಣಲು ಶುರುಮಾಡಿದಾಗ ಕೊಬ್ಬು ಮೊದಲು ಮರಳಿತು, ಮೊದಲಿದ್ದದ್ದಕ್ಕಿಂತ ಹೆಚ್ಚೇ ಆಯಿತು. ಸ್ನಾಯು ಹಿಂದೆ ಬಿತ್ತು. ವರ್ಷಕ್ಕೆ ಎರಡು ಸಲ ಡಿಟಾಕ್ಸ್ ಮಾಡಿ, ನಡುವೆ ಯಾವ ವ್ಯಾಯಾಮವೂ ಇಲ್ಲದೆ ತೂಕ ಮರಳಿ ಪಡೆಯುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ಸ್ನಾಯು ಉಳಿಸುವ ಉಪವಾಸ

2020ರಲ್ಲಿ ಪ್ರಕಟವಾದ ಸ್ಯಾನ್‌ಫ್ರಾನ್ಸಿಸ್ಕೋದ ಅಧ್ಯಯನವೊಂದರಲ್ಲಿ 116 ಮಂದಿ ಇದ್ದರು. ಒಂದು ಗುಂಪಿನವರು 12 ವಾರ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ತಿಂದರು. ಇಳಿದದ್ದು ಸ್ವಲ್ಪ ತೂಕ. ದೇಹರಚನೆ ಅಳೆಸಿಕೊಂಡವರಲ್ಲಿ ಆ ಇಳಿಕೆಯ ಸುಮಾರು ಶೇ 65 ಕೊಬ್ಬಲ್ಲದ ಭಾಗ. ಪ್ರೋಟೀನ್ ಬಗ್ಗೆಯಾಗಲಿ ವ್ಯಾಯಾಮದ ಬಗ್ಗೆಯಾಗಲಿ ಅವರಿಗೆ ಏನೂ ಹೇಳಿರಲಿಲ್ಲ. 2016ರಲ್ಲಿ ಇಟಲಿಯ ಸಂಶೋಧಕರು ಭಾರ ಎತ್ತುವ ಅಭ್ಯಾಸವಿದ್ದ 34 ಗಂಡಸರ ಮೇಲೆ ನಡೆಸಿದ ಎಂಟು ವಾರದ ಪ್ರಯೋಗದಲ್ಲೂ ಒಂದು ಗುಂಪು ಎಂಟೇ ಗಂಟೆಯೊಳಗೆ ಉಣ್ಣುತ್ತಿತ್ತು. ಆ ಗುಂಪಿನ ಕೊಬ್ಬು ಇಳಿಯಿತು, ಸ್ನಾಯು ಉಳಿಯಿತು. ಅವರು ಪ್ರೋಟೀನ್ ಧಾರಾಳವಾಗಿ ತಿನ್ನುತ್ತಿದ್ದರು, ವ್ಯಾಯಾಮ ಬಿಟ್ಟಿರಲಿಲ್ಲ. ಎರಡೂ ಕಡೆ ಹಸಿದ ಹೊತ್ತು ಒಂದೇ. ಬೇರೆಯಾದದ್ದು ತಟ್ಟೆ ಮತ್ತು ದುಡಿಮೆ.

ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ತೂಕ ಇಳಿಸುವ ದಿನಗಳಲ್ಲಿ 1.2ರಿಂದ 1.6 ಗ್ರಾಂ ಬೇಕು. ಅರವತ್ತು ಕಿಲೋದವರಿಗೆ 72ರಿಂದ 96 ಗ್ರಾಂ. ಅನ್ನ, ತಿಳಿಸಾರಿನಲ್ಲಿ ಇದು ಬರುವುದಿಲ್ಲ. 100 ಗ್ರಾಂ ಪನೀರ್ (18 ಗ್ರಾಂ), 50 ಗ್ರಾಂ ಒಣ ಹೆಸರುಕಾಳಿನ ಉಸಲಿ (12), 400 ಮಿಲಿ ಹಾಲು ಅಥವಾ ಮೊಸರು (13), ಒಂದು ಹಿಡಿ ಕಡಲೆಕಾಯಿ (7), 50 ಗ್ರಾಂ ಸೋಯಾ ಚಂಕ್ಸ್ (25) ಸೇರಿದರೆ 75 ಗ್ರಾಂ. ಮೊಟ್ಟೆ ತಿನ್ನುವವರಿಗೆ ಒಂದೊಂದಕ್ಕೆ ಆರು ಗ್ರಾಂ ಸಿಗುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ವ್ಯಾಯಾಮವೆಂದರೆ ನಡಿಗೆಯಷ್ಟೇ ಸಾಲದು. ವಾರಕ್ಕೆ ಎರಡು ಮೂರು ದಿನ ಭಾರ ಬೇಕು: ಬಸ್ಕಿ, ಗೋಡೆಗೆ ಕೈಯಿಟ್ಟು ದಂಡ, ತುಂಬಿದ ಬಿಂದಿಗೆ ಎತ್ತಿ ಇಳಿಸುವುದು, ರಬ್ಬರ್ ಪಟ್ಟಿ ಎಳೆಯುವುದು. ನಿತ್ಯ ಬಳಸುವ ಸ್ನಾಯುವನ್ನು ದೇಹ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಪಾರಣೆ ಮತ್ತು ಎಚ್ಚರ

ಐದು ದಿನಕ್ಕಿಂತ ಹೆಚ್ಚು ಹಸಿದವರು ಒಮ್ಮೆಗೇ ಸಿಹಿಯೂಟಕ್ಕೆ ಕೂತರೆ ಅಪಾಯವಿದೆ. ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಕೋಶಗಳೊಳಗೆ ಎಳೆದುಕೊಳ್ಳುತ್ತದೆ. ಹೃದಯದ ಬಡಿತವೇ ತಪ್ಪಬಹುದು. ಅನೇಕ ಮಾಧ್ವರ ಮನೆಗಳಲ್ಲಿ ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು, ಹೆಸರುಬೇಳೆ, ನೆಲ್ಲಿಕಾಯಿ ಮಾಡುತ್ತಾರೆ. ಬೇಳೆ-ಸೊಪ್ಪಿನಿಂದ ಶುರುವಾಗುವ ಆ ಕ್ರಮ ನನಗೆ ಯಾವ ಡಿಟಾಕ್ಸ್ ಪೊಟ್ಟಣಕ್ಕಿಂತಲೂ ವಿವೇಕದ್ದಾಗಿ ಕಾಣುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಸಕ್ಕರೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ಬಳಗದ ಮಾತ್ರೆಯವರಿಗೆ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗುವ ಭಯವಿದೆ. ಬಸುರಿ-ಬಾಣಂತಿಯರು, ಕ್ಷಯದವರು, ಮೊದಲೇ ಸೊರಗಿದವರು ದೀರ್ಘ ಉಪವಾಸಕ್ಕೆ ಇಳಿಯಲೇಬಾರದು. ಐವತ್ತು ದಾಟಿದವರಲ್ಲಿ ಸ್ನಾಯು ತಾನಾಗಿಯೇ ವರ್ಷವರ್ಷ ಕಡಿಮೆಯಾಗುತ್ತಿರುತ್ತದೆ. ಹೋದದ್ದನ್ನು ಕಟ್ಟಿಕೊಳ್ಳುವುದು ಅವರಿಗೆ ಬಲು ಕಷ್ಟ.

ಮನೆಯಲ್ಲೇ ಅಳೆಯುವ ಬಗೆ

ತೂಕದ ಜೊತೆಗೆ ಸೊಂಟದ ಸುತ್ತಳತೆ ಬರೆದಿಡಿ. ತೂಕ ಇಳಿದೂ ಸೊಂಟ ಹಾಗೇ ಇದ್ದರೆ ಕರಗಿದ್ದು ಹೊಟ್ಟೆಯ ಕೊಬ್ಬಲ್ಲ. ಇನ್ನೊಂದು ಪರೀಕ್ಷೆಗೆ ಗಟ್ಟಿ ಕುರ್ಚಿ ಸಾಕು. ಎದೆಯ ಮೇಲೆ ಕೈಕಟ್ಟಿ, ಏನನ್ನೂ ಹಿಡಿಯದೆ ಐದು ಸಲ ಎದ್ದು ಕೂರಬೇಕು. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ದೈಹಿಕ ಸಾಮರ್ಥ್ಯ ಕುಂದಿದೆ ಎಂದು ಏಷ್ಯಾದ ಸ್ನಾಯುಕ್ಷಯ ತಜ್ಞರ ಗುಂಪು 2019ರಲ್ಲಿ ಗುರುತು ಹಾಕಿದೆ. ಚಿಕ್ಕಮ್ಮನಿಗೆ ಅಂದು ಹದಿನಾರು ಸೆಕೆಂಡ್ ಬೇಕಾಯಿತು.