ಎರಡು ಬಿಲ್ಲುಗಳ ಸುತ್ತಳತೆ: ಮಹಾವೀರಾಚಾರ್ಯರ ಆಯತವೃತ್ತ ಸೂತ್ರದ ಮೂಲ

ಚೌಕ, ತ್ರಿಕೋನಗಳ ಸುತ್ತಳತೆಗೆ ಬಾಹುಗಳನ್ನು ಕೂಡಿದರೆ ಸಾಕು. ವೃತ್ತಕ್ಕಾದರೆ ವ್ಯಾಸವನ್ನು ಒಂದು ನಿಶ್ಚಿತ ಸಂಖ್ಯೆಯಿಂದ ಗುಣಿಸಬೇಕು. ದೀರ್ಘವೃತ್ತ ಈ ಎರಡಕ್ಕೂ ಬಗ್ಗುವುದಿಲ್ಲ. ಅದರ ಪರಿಧಿಯನ್ನು ಸರಳ ಸೂತ್ರವೊಂದರಲ್ಲಿ ನಿಖರವಾಗಿ ಹಿಡಿಯಲಾಗದು. 1914ರಲ್ಲಿ ಶ್ರೀನಿವಾಸ ರಾಮಾನುಜನ್ ಕೊಟ್ಟದ್ದೂ ಬಹು ಸಮೀಪದ ಅಂದಾಜೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಈ ಆಕೃತಿಯನ್ನು 'ಆಯತವೃತ್ತ' ಎಂದು ಕರೆದು, ಅದರ ಪರಿಧಿಗೆ ಒಂದು ಸ್ಥೂಲ ಸೂತ್ರವನ್ನೂ ಒಂದು ಸೂಕ್ಷ್ಮ ಸೂತ್ರವನ್ನೂ ಕೊಟ್ಟಿದ್ದಾರೆ. ಸೂಕ್ಷ್ಮ ಸೂತ್ರವು ಹಗ್ಗ ಹಿಡಿದು ಅಳೆದು ಬಂದದ್ದಲ್ಲ, ಬಿಲ್ಲಿನ ಗಣಿತದಿಂದ ಕಟ್ಟಿದ್ದು ಎಂಬುದು ಈ ಲೇಖನದ ವಾದ.

ಸೂತ್ರ ಹೀಗಿದೆ: ಕಿರಿಯ ವ್ಯಾಸದ ವರ್ಗವನ್ನು ಆರರಿಂದ ಗುಣಿಸಿ, ಅದಕ್ಕೆ ಹಿರಿಯ ವ್ಯಾಸದ ಇಮ್ಮಡಿಯ ವರ್ಗವನ್ನು ಸೇರಿಸಿ, ವರ್ಗಮೂಲ ತೆಗೆದರೆ ಪರಿಧಿ. ವ್ಯಾಸಗಳು 36 ಮತ್ತು 12 ಎಂದಿಟ್ಟುಕೊಂಡರೆ 864ಕ್ಕೆ 5184 ಸೇರಿ 6048 ಆಗುತ್ತದೆ. ಅದರ ಮೂಲ ಸುಮಾರು 77.77. ಇದೇ ಗ್ರಂಥ ಬಿಲ್ಲಿನ ಆಕೃತಿಗೂ ಸೂಕ್ಷ್ಮ ಸೂತ್ರ ಹೇಳುತ್ತದೆ: ಬಾಣದ (ಹೆದೆಯ ನಡುವಿನಿಂದ ಬಿಲ್ಲಿನವರೆಗಿನ ಎತ್ತರದ) ವರ್ಗದ ಆರರಷ್ಟಕ್ಕೆ ಹೆದೆಯ (ಬಿಲ್ಲಿನ ಎರಡು ತುದಿಗಳನ್ನು ಸೇರಿಸುವ ನೇರಗೆರೆಯ) ವರ್ಗ ಸೇರಿಸಿ ಮೂಲ ತೆಗೆದರೆ ಬಿಲ್ಲಿನ ಉದ್ದ. ಆಯತವೃತ್ತವನ್ನು ಹಿರಿಯ ವ್ಯಾಸದ ಗುಂಟ ಸೀಳಿದರೆ ಹೆದೆ 36, ಬಾಣ 6 ಇರುವ ಎರಡು ಬಿಲ್ಲುಗಳು ಸಿಗುತ್ತವೆ. ಒಂದೊಂದರ ಉದ್ದ 1512ರ ಮೂಲ, ಅಂದರೆ 38.88, ಎರಡೂ ಸೇರಿ ಮತ್ತೆ 77.77. ವ್ಯಾಸಗಳು ಯಾವುವೇ ಇರಲಿ, ಈ ಎರಡು ಲೆಕ್ಕಗಳು ಒಂದೇ ಉತ್ತರಕ್ಕೆ ಬಂದು ನಿಲ್ಲುತ್ತವೆ.

ಸೂತ್ರದ ಮೂಲ ಬಿಲ್ಲೇ ಎಂಬ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಎರಡು ವ್ಯಾಸಗಳೂ ಸಮವಾದಾಗ ಸೂತ್ರವು ವೃತ್ತದ ಪರಿಧಿಯನ್ನು, ಪೈಗೆ ಜೈನರು ಬಳಸುತ್ತಿದ್ದ 10ರ ವರ್ಗಮೂಲದ ಲೆಕ್ಕದಲ್ಲಿ, ಕೊಡುತ್ತದೆ. ಕಿರಿಯ ವ್ಯಾಸ ಸೊನ್ನೆಯಾದಾಗ ಹಿರಿಯದರ ಇಮ್ಮಡಿ ಉಳಿಯುತ್ತದೆ. ಹಾಗಿದ್ದರೆ ಈ ಎರಡು ತುದಿಗಳನ್ನು ಹೊಂದಿಸಿಯೇ ಸೂತ್ರ ಹೆಣೆದಿರಬಹುದಲ್ಲ? ಸ್ಥೂಲ ಸೂತ್ರ ಈ ಆಕ್ಷೇಪಕ್ಕೆ ಬಲ ಕೊಡುವಂತೆಯೂ ಇದೆ. ಹಿರಿಯ ವ್ಯಾಸಕ್ಕೆ ಕಿರಿಯದರ ಅರ್ಧ ಕೂಡಿ ಇಮ್ಮಡಿಸಬೇಕೆಂಬುದು ಅದರ ವಿಧಾನ. ಮೇಲಿನ ಅಳತೆಗೆ ಉತ್ತರ 84. ಪೈ 3 ಎಂದು ಹಿಡಿದರೆ ಇದೂ ಎರಡು ತುದಿಗಳಲ್ಲಿ ಸರಿಯೇ. ಬಿಲ್ಲಿಗೆ ಆರರ ಬದಲು ಐದು ಬಳಸುವ ಸ್ಥೂಲ ಸೂತ್ರ ಗ್ರಂಥದಲ್ಲಿದ್ದರೂ ಇಲ್ಲಿ ಅದರ ಸುಳಿವಿಲ್ಲ. ಆದರೆ ವ್ಯವಹಾರದ ಲೆಕ್ಕಕ್ಕೆ ವರ್ಗಮೂಲದ ತೊಡಕು ಬೇಡವೆಂದರೆ ಬಿಲ್ಲಿನ ದಾರಿ ಬಿಡಲೇಬೇಕಾಗುತ್ತದೆ. ಸೂಕ್ಷ್ಮ ಸೂತ್ರಕ್ಕೆ ಬಂದಾಗ, ತುದಿಗಳನ್ನು ಹೊಂದಿಸುವವನಿಗೂ ವರ್ಗಗಳನ್ನು ಕೂಡಿ ಮೂಲ ತೆಗೆಯುವ ಅಚ್ಚು ಎಲ್ಲಿಂದಲೋ ಸಿಗಬೇಕು. ಆ ಅಚ್ಚು ಬಿಲ್ಲಿನ ಸೂತ್ರದಲ್ಲಿ ಸಿದ್ಧವಾಗಿಯೇ ಇತ್ತು.

ಹಗ್ಗದ ಅಳತೆ ಮೂಲವಲ್ಲ ಎನ್ನಲು ಸೂತ್ರದ ತಪ್ಪುಗಳೇ ಸಾಕ್ಷಿ. 36 ಮತ್ತು 12ರ ದೀರ್ಘವೃತ್ತದ ನಿಜವಾದ ಪರಿಧಿ ಸುಮಾರು 80.19, ಸೂಕ್ಷ್ಮ ಸೂತ್ರ ಶೇ. 3ರಷ್ಟು ಕಡಿಮೆ ಬೀಳುತ್ತದೆ. ಕ್ಷೇತ್ರಫಲದಲ್ಲಿ ಕೊರತೆ ಇನ್ನೂ ದೊಡ್ಡದು. ಪರಿಧಿಯನ್ನು ಕಿರಿಯ ವ್ಯಾಸದ ಕಾಲುಭಾಗದಿಂದ ಗುಣಿಸಿ ಎನ್ನುವ ಅವರ ವಿಧಾನದಿಂದ 233 ಬರುತ್ತದೆ, ನಿಜವಾದದ್ದು 339. ನೆಲದ ಮೇಲೆ ಆಕೃತಿ ಬರೆದು ಚೌಕಗಳನ್ನು ಎಣಿಸಿದ್ದರೆ ಇಷ್ಟು ಅಂತರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ವೃತ್ತಕ್ಕೆ ಸರಿಹೊಂದುವ ನಿಯಮವನ್ನು ಆಯತವೃತ್ತಕ್ಕೂ ಎಳೆದದ್ದು ಇಲ್ಲಿ ಸ್ಪಷ್ಟ. ಪರಿಧಿಯಲ್ಲೂ ನಡೆದದ್ದು ಅದೇ: ತಿಳಿದ ಆಕೃತಿಯಿಂದ ತಿಳಿಯದ ಆಕೃತಿಗೆ ದಾಟುವ ಯತ್ನ. ವ್ಯತ್ಯಾಸ ಇಷ್ಟೆ, ಪರಿಧಿಗೆ ಬಿಲ್ಲು ಸೇತುವೆಯಾಗಿ ಒದಗಿತು. ಕ್ಷೇತ್ರಫಲಕ್ಕೆ ಅಂಥದೊಂದು ಸೇತುವೆ ಇರಲಿಲ್ಲ.