ಹಣ್ಣುಗಳ ಕಲಿಕಾ ಘಟಕ

ಹಣ್ಣುಗಳ ಸುತ್ತ ಮಾತು, ಎಣಿಕೆ, ಹಾಡು, ಚಿತ್ರಗಳನ್ನು ಹೆಣೆದು ಎಳೆಯ ಮಕ್ಕಳಿಗೆ ಕಲಿಸುವ ಕ್ರಮ. ಅಂಗನವಾಡಿ ಮತ್ತು ನಲಿಕಲಿ ತರಗತಿಗಳಿಗೆ ಒಗ್ಗುವ ವಿಧಾನ. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ಟಿ. ನರಸೀಪುರದಲ್ಲಿ, ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದವು.

ಬಾಳೆ, ಮಾವು, ಸೀಬೆಗಳನ್ನು ಮಕ್ಕಳು ಮುಟ್ಟಿ, ಮೂಸಿ, ರುಚಿ ನೋಡಿ, ಬಣ್ಣ, ಗಾತ್ರಗಳಿಗೆ ತಕ್ಕಂತೆ ಗುಂಪು ಮಾಡುತ್ತಾರೆ. ಹುಣಸೆಬೀಜ ಎಣಿಕೆಗೆ ಒದಗುತ್ತದೆ.

ಹುಳಿಯಾರು, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಕೈಗೆಟಕುವ ಸಾಮಗ್ರಿ ತೆಂಗು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ತೆಂಗಿನಕಾಯಿಯೂ ಹಣ್ಣೇ. ಎಳನೀರು, ಬಲಿತ ಕಾಯಿ, ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿಕಾಯಿಗಳನ್ನು ಸಾಲಾಗಿಟ್ಟರೆ ಅದೇ ಕ್ರಮಜೋಡಣೆಯ ಪಾಠ. ಅಲ್ಲಾಡಿಸಿದರೆ ಕಿವಿಗೂ ಕೆಲಸ: ನೀರು ತುಂಬಿದ ಎಳನೀರು ಸದ್ದು ಮಾಡದು, ಬಲಿತ ಕಾಯಿಯಲ್ಲಿ ನೀರು ಕುಲುಕುತ್ತದೆ, ಒಣಗಿದ್ದರಲ್ಲಿ ಗಿಟುಕು, ಅಂದರೆ ಒಳಗಿನ ಕೊಬ್ಬರಿ, ಲೊಟಗುಟ್ಟುತ್ತದೆ.